ನೀರಿನ ಬೆಳಕು, ಅಣುವಿನ ಬೆಳಕು

ಜರ್ಮನಿಯ ದಕ್ಷಿಣದಲ್ಲಿ ಇಮ್ಮೆಂಡಿಂಗೆನ್ ಎಂಬ ಊರಿನ ಹತ್ತಿರ ಡ್ಯಾನ್ಯೂಬ್ ನದಿ ನೆಲದೊಳಗೆ ಇಳಿದುಹೋಗುತ್ತದೆ. ಸುಣ್ಣಕಲ್ಲಿನ ಬಿರುಕುಗಳು ನೀರನ್ನು ಕುಡಿಯುತ್ತವೆ, ಬೇಸಿಗೆಯಲ್ಲಿ ನದಿಯ ಪಾತ್ರವೇ ಒಣಗುತ್ತದೆ. ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದ ಆಖ್ ಎಂಬಲ್ಲಿ ನೆಲದಿಂದ ಒಂದು ದೊಡ್ಡ ಬುಗ್ಗೆ ಏಳುತ್ತದೆ. ಆ ಬುಗ್ಗೆಯ ನೀರು ಡ್ಯಾನ್ಯೂಬಿನದೋ ಅಲ್ಲವೋ ಎಂಬುದು ಕೇವಲ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಎರಡೂ ಕಡೆ ಆ ನೀರನ್ನೇ ನಂಬಿ ಗಿರಣಿ ನಡೆಸುತ್ತಿದ್ದವರಿದ್ದರು. ನದಿ ನೀರಿನ ಜಗಳ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1877ರ ಅಕ್ಟೋಬರಿನಲ್ಲಿ ಅಡಾಲ್ಫ್ ಕ್ನೋಪ್ ಎಂಬ ವಿಜ್ಞಾನಿ ನದಿ ಮುಳುಗುವ ಜಾಗದಲ್ಲಿ 10 ಕಿಲೋ ಫ್ಲೋರೆಸೀನ್ ಬಣ್ಣವನ್ನು ಸುರಿಸಿದರು. ಅಡಾಲ್ಫ್ ಫಾನ್ ಬೇಯರ್ ಆ ಬಣ್ಣವನ್ನು ಮೊದಲು ತಯಾರಿಸಿದ್ದು 1871ರಲ್ಲಿ, ಅಂದರೆ ಆರೇ ವರ್ಷದ ಹಿಂದೆ. ಸುಮಾರು 60 ಗಂಟೆ ಕಳೆದ ಮೇಲೆ ಆಖ್ ಬುಗ್ಗೆಯ ನೀರು ಹಸಿರಾಗಿ ಹೊಳೆಯಿತು.

ಮೈಕ್ರೋಚಿಪ್ ಎಲೆಕ್ಟ್ರೋಫೊರೆಸಿಸ್ ಎಂದರೇನು ಎಂದು ಯಾರಾದರೂ ಕೇಳಿದಾಗ ನಾನು ಹೇಳುವುದು ಈ ಕತೆಯನ್ನೇ. ನನ್ನ ಪಿಎಚ್‌ಡಿ ಇರುವುದು ಇದೇ ವಿಷಯದಲ್ಲಿ, ಹಾಗಾಗಿ ಮದುವೆಮನೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಒಂದು ಕಾಲುವೆ ಇದೆ. ಅದರ ಒಂದು ತುದಿಯಲ್ಲಿ ಹೊಳೆಯುವ ಬಣ್ಣ ಕಟ್ಟಿದ ಅಣುಗಳನ್ನು ಬಿಡುತ್ತೇವೆ. ಇನ್ನೊಂದು ತುದಿಯಲ್ಲಿ ಕಾಯುತ್ತೇವೆ. ಯಾವುದು ಎಷ್ಟು ಹೊತ್ತಿಗೆ ಬಂದು ಹೊಳೆಯಿತು ಎಂಬುದರಿಂದ ಅದು ಯಾವುದು, ಎಷ್ಟಿತ್ತು ಎಂದು ಹೇಳುತ್ತೇವೆ. ಡ್ಯಾನ್ಯೂಬಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು: ಇಲ್ಲಿ ಕಾಲುವೆಯ ಅಗಲ ತಲೆಗೂದಲಿಗಿಂತ ಕಿರಿದು, ಅಣುಗಳನ್ನು ಎಳೆಯುವುದು ಇಳಿಜಾರಲ್ಲ, ವಿದ್ಯುತ್ತು. ಮತ್ತು ನಮ್ಮ ಹತ್ತಿರ 10 ಕಿಲೋ ಬಣ್ಣ ಇರುವುದಿಲ್ಲ. ಕೆಲವೊಮ್ಮೆ 10 ಅಣುಗಳೂ ಇರುವುದಿಲ್ಲ.

ಅಷ್ಟು ಕಡಿಮೆ ಇರುವುದನ್ನು ಕಾಣುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಸಾಮಾನ್ಯವಾಗಿ ಅದನ್ನು ಹೆಚ್ಚು ಹೆಚ್ಚು ಪ್ರಬಲವಾದ ಲೇಸರ್‌ಗಳ, ಹೆಚ್ಚು ಹೆಚ್ಚು ಚುರುಕಾದ ಪತ್ತೆಯಂತ್ರಗಳ ಕತೆಯಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಉಳಿದರ್ಧ ಬೇಡದ ಬೆಳಕನ್ನು ಹೊರಹಾಕಿದವರದು. ಆ ಅರ್ಧದಲ್ಲಿ ಬೆಂಗಳೂರಿಗೂ ಒಂದು ಸಣ್ಣ ಪಾತ್ರವಿದೆ.

ಮೊದಲು ಕಾಲುವೆಯ ಕತೆಯನ್ನು ಬೇಗ ಮುಗಿಸುತ್ತೇನೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಆರ್ನೆ ಟಿಸೆಲಿಯಸ್ 1937ರಲ್ಲಿ ಯು ಆಕಾರದ ಗಾಜಿನ ನಳಿಕೆಯಲ್ಲಿ ರಕ್ತದ ಸೀರಮ್ಮಿನ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರೆಬೇರೆಯಾಗಿ ಸರಿಸಿ ತೋರಿಸಿದರು. ಆಲ್ಬುಮಿನ್, ಆಲ್ಫಾ, ಬೀಟಾ, ಗಾಮಾ ಗ್ಲಾಬ್ಯುಲಿನ್ ಎಂದು ಇಂದಿಗೂ ರಕ್ತಪರೀಕ್ಷೆಯ ವರದಿಗಳಲ್ಲಿ ಕಾಣುವ ವಿಂಗಡಣೆ ಆ ಕೆಲಸದಿಂದಲೇ ಬಂದದ್ದು. 1948ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಯಂತ್ರ ಮಾತ್ರ ಒಂದು ಕೋಣೆಯನ್ನೇ ಕೇಳುವಂಥದು. 1955ರಲ್ಲಿ ಟೊರಾಂಟೊದಲ್ಲಿದ್ದ ಆಲಿವರ್ ಸ್ಮಿಥಿಸ್ ಪಿಷ್ಟದ ಜೆಲ್ಲಿಯಲ್ಲಿ ಪ್ರೋಟೀನುಗಳನ್ನು ಬಿಡಿಸುವ ವಿಧಾನ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಅಮ್ಮ ಅಪ್ಪನ ಶರ್ಟುಗಳಿಗೆ ಗಂಜಿ ಹಾಕುವಾಗ ಆ ಗಂಜಿ ಆರಿ ಗಟ್ಟಿಯಾಗುತ್ತಿದ್ದುದು ನೆನಪಾಗಿ ಈ ಉಪಾಯ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರಿಗೂ ನೊಬೆಲ್ ಬಂತು, ಆದರೆ ಅದು ಬೇರೆ ಕೆಲಸಕ್ಕೆ.

ವೋಲ್ಟೇಜ್ ಹೆಚ್ಚಿಸಿದರೆ ಅಣುಗಳು ಬೇಗ ಓಡುತ್ತವೆ, ಚೆನ್ನಾಗಿ ಬೇರೆಯಾಗುತ್ತವೆ. ಆದರೆ ದ್ರವ ಬಿಸಿಯಾಗಿ ಕಲಕಿಹೋಗುತ್ತದೆ. ಕಾಲುವೆ ತೆಳುವಾದಷ್ಟೂ ಶಾಖ ಗೋಡೆಗಳ ಮೂಲಕ ಬೇಗ ಹೊರಹೋಗುತ್ತದೆ. 1981ರಲ್ಲಿ ನಾರ್ತ್ ಕೆರೊಲಿನಾದ ಜೇಮ್ಸ್ ಜೋರ್ಗೆನ್ಸನ್ ಮತ್ತು ಕ್ರಿನ್ ಲುಕಾಕ್ಸ್ 75 ಮೈಕ್ರಾನ್ ಒಳವ್ಯಾಸದ ಗಾಜಿನ ಎಳೆಯಂಥ ಕೊಳವೆಯಲ್ಲಿ 30,000 ವೋಲ್ಟಿನವರೆಗೆ ಹಾಯಿಸಿ ಅದನ್ನು ಸಾಧಿಸಿದರು. ಅಷ್ಟು ತೆಳು ಕೊಳವೆಯಲ್ಲಿ ಬಂದದ್ದೇನೆಂದು ಕಾಣಲು ಅವರೂ ಅಣುಗಳಿಗೆ ಹೊಳೆಯುವ ಗುರುತು ಕಟ್ಟಬೇಕಾಯಿತು.

ಅಲ್ಲಿಂದ ಚಿಪ್ಪಿಗೆ ಬರಲು ಹತ್ತು ವರ್ಷ ಹಿಡಿಯಿತು. ಬಾಸೆಲ್‌ನ ಸೀಬಾ ಗೈಗಿ ಕಂಪನಿಯಲ್ಲಿದ್ದ ಆಂಡ್ರಿಯಾಸ್ ಮಾಂಟ್ಸ್ 1990ರಲ್ಲಿ ಇಡೀ ರಸಾಯನ ಪರೀಕ್ಷೆಯನ್ನು ಒಂದು ಪುಟ್ಟ ಹಲಗೆಯ ಮೇಲೆ ಇಳಿಸಬಹುದೆಂಬ ಪ್ರಸ್ತಾಪ ಮುಂದಿಟ್ಟರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೆಡ್ ಹ್ಯಾರಿಸನ್ ಅವರ ಜೊತೆ ಸೇರಿ 1993ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಹುಟ್ಟುಹಬ್ಬದಂತೆ. ಒಂದು ಸೆಂಟಿಮೀಟರಿಗೆ ಎರಡು ಸೆಂಟಿಮೀಟರಿನ ಗಾಜು, ಅದರಲ್ಲಿ ಆಮ್ಲದಿಂದ ಕೊರೆದ 10 ಮೈಕ್ರಾನ್ ಆಳ, 30 ಮೈಕ್ರಾನ್ ಅಗಲದ ಕಾಲುವೆ, ಅದರೊಳಗೆ ಸುಮಾರು 15 ಸೆಕೆಂಡಿನಲ್ಲಿ ಬೇರೆಯಾದ ಅಮೈನೋ ಆಮ್ಲಗಳು. ಪಂಪು ಇಲ್ಲ, ಕವಾಟವಿಲ್ಲ, ಚಲಿಸುವ ಒಂದು ಭಾಗವೂ ಇಲ್ಲ. ಟೆನೆಸಿಯ ಓಕ್ ರಿಜ್ ಪ್ರಯೋಗಾಲಯದಲ್ಲಿ ಮೈಕೆಲ್ ರಾಮ್ಸಿಯವರ ಗುಂಪು 1998ರ ಹೊತ್ತಿಗೆ ಇದನ್ನು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯಕ್ಕೆ ಇಳಿಸಿತು. ವೇಗದ ಸಮಸ್ಯೆ ಮುಗಿದಂತಾಯಿತು. ಕಾಣುವ ಸಮಸ್ಯೆ ಶುರುವಾದದ್ದು ಅಲ್ಲಿಂದಲೇ.

ಲೆಕ್ಕ ಸರಳ. ಮಾಮೂಲಿ ಪ್ರಯೋಗಾಲಯದಲ್ಲಿ ದ್ರವದ ಬಣ್ಣ ಅಳೆಯುವ ಗಾಜಿನ ಪೆಟ್ಟಿಗೆ ಒಂದು ಸೆಂಟಿಮೀಟರ್ ದಪ್ಪ ಇರುತ್ತದೆ. ಬೆಳಕು ಅಷ್ಟು ದೂರ ದ್ರವದ ಮೂಲಕ ಹಾದು ಎಷ್ಟು ಕುಂದಿತೆಂದು ನೋಡುತ್ತೇವೆ. ಚಿಪ್ಪಿನಲ್ಲಿ ಆ ದೂರ 10 ಮೈಕ್ರಾನ್, ಸಾವಿರದಲ್ಲೊಂದು ಪಾಲು. ಸಾವಿರ ಪಾಲು ಕಡಿಮೆ ಕುಂದಿದ ಬೆಳಕನ್ನು ಅಳೆಯುವುದೆಂದರೆ ತುಂಬಿದ ಹುಂಡಿಯ ತೂಕ ನೋಡಿ ಅದರಲ್ಲಿ ಒಂದು ನಾಣ್ಯ ಕಡಿಮೆಯಾಗಿದೆಯೇ ಎಂದು ಹೇಳಿದ ಹಾಗೆ. ಪ್ರತಿದೀಪ್ತಿಯ ಅನುಕೂಲ ಇರುವುದು ಇಲ್ಲೇ. ಅಣು ಒಂದು ಬಣ್ಣದ ಬೆಳಕು ನುಂಗಿ ಇನ್ನೊಂದು ಬಣ್ಣದ ಬೆಳಕು ಉಗುಳುತ್ತದೆ. ಕತ್ತಲಿನ ಹಿನ್ನೆಲೆಯಲ್ಲಿ ಹೊಳೆಯುವುದನ್ನು ನೋಡುವುದು ಸುಲಭ, ಬಯಲಿನ ದೀಪಗಳೆಲ್ಲ ಆರಿದ ಮೇಲೆ ಮಿಣುಕುಹುಳ ಕಾಣುವಂತೆ.

ಆದರೆ ಹಿನ್ನೆಲೆ ಕತ್ತಲಾಗಿರಬೇಕು.

1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ಈ ವಿದ್ಯಮಾನಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟಾಗ ಬಳಸಿದ ಉಪಾಯ ಇಂದಿಗೂ ಬದಲಾಗಿಲ್ಲ. ಬಿಸಿಲು ಒಂದು ನೀಲಿ ಗಾಜಿನ ಮೂಲಕ ಬಂದು ಕ್ವಿನೈನ್ ದ್ರಾವಣಕ್ಕೆ ಬೀಳುತ್ತದೆ. ನೋಡುವವರು ಹಳದಿ ಗಾಜಿನ ಮೂಲಕ ನೋಡುತ್ತಾರೆ. ಹಳದಿ ಗಾಜು ನೀಲಿಯನ್ನು ಬಿಡುವುದಿಲ್ಲ. ಆದ್ದರಿಂದ ಅದರ ಮೂಲಕ ಏನಾದರೂ ಕಂಡರೆ ಅದು ದ್ರಾವಣದೊಳಗೆ ಹೊಸದಾಗಿ ಹುಟ್ಟಿದ ಬೆಳಕು. ಆ ಹಳದಿ ಗಾಜು ಒಂದು ಲೋಟ ವೈನ್ ಆಗಿತ್ತೆಂದು ಪಠ್ಯಪುಸ್ತಕಗಳು ಸಂತೋಷದಿಂದ ಹೇಳುತ್ತವೆ. ನನ್ನ ಮೇಜಿನ ಮೇಲೆ ಇರುವ ಫಿಲ್ಟರ್‌ಗಳ ಬೆಲೆ ನೋಡಿದಾಗಲೆಲ್ಲ ಆ ಲೋಟದ ನೆನಪಾಗುತ್ತದೆ.

ಇದೇ ಎದುರುಬದುರು ಫಿಲ್ಟರುಗಳ ವ್ಯವಸ್ಥೆ 1923ರಲ್ಲಿ ಕಲ್ಕತ್ತದ ಒಂದು ಪ್ರಯೋಗಾಲಯದಲ್ಲಿ ಕಾಣಿಸಿಕೊಳ್ಳುತ್ತದೆ. ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡುತ್ತಿದ್ದ ಕೆ.ಆರ್. ರಾಮನಾಥನ್ ನೀರು ಬೆಳಕನ್ನು ಹೇಗೆ ಚದುರಿಸುತ್ತದೆ ಎಂದು ನೋಡುತ್ತಿದ್ದರು. ನೇರಳೆ ಫಿಲ್ಟರಿನಿಂದ ಬಂದ ಬಿಸಿಲು ನೀರಿಗೆ ಬಿದ್ದರೆ ಹಸಿರು ಫಿಲ್ಟರಿನ ಆಚೆ ಏನೂ ಕಾಣಬಾರದು. ಆದರೆ ಸಣ್ಣದೊಂದು ಬೆಳಕು ಕಾಣುತ್ತಿತ್ತು. ನೀರಿನಲ್ಲಿ ಏನೋ ಕಲ್ಮಶ ಇದೆ, ಅದು ಕ್ಷೀಣವಾಗಿ ಪ್ರತಿದೀಪಿಸುತ್ತಿದೆ ಎಂದು ತೀರ್ಮಾನವಾಯಿತು. ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಬೆಳಕು ಹೋಗಲಿಲ್ಲ. ರಾಮನ್ ಅವರಿಗೆ ಆ ವಿವರಣೆ ಒಪ್ಪಿಗೆಯಾಗಲಿಲ್ಲ. 1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಅವರೊಂದಿಗೆ ಆ ಕ್ಷೀಣ ಬೆಳಕಿನ ಬೆನ್ನು ಹತ್ತಿದಾಗ ಅದು ಬಲವಾಗಿ ಧ್ರುವೀಕರಣಗೊಂಡಿದೆ ಎಂದು ಗೊತ್ತಾಯಿತು. ಸಾಮಾನ್ಯ ಪ್ರತಿದೀಪ್ತಿ ಹಾಗಿರುವುದಿಲ್ಲ. ಅದು ಕಲ್ಮಶದ್ದಲ್ಲ, ನೀರಿನದೇ ಬೆಳಕು. ನೀರಿನ ಅಣು ತನ್ನ ಕಂಪನಕ್ಕಾಗಿ ಬೆಳಕಿನಿಂದ ಒಂದಿಷ್ಟು ಶಕ್ತಿ ಇಟ್ಟುಕೊಂಡು ಉಳಿದದ್ದನ್ನು ಬೇರೆ ಬಣ್ಣವಾಗಿ ಹಿಂದಿರುಗಿಸುತ್ತಿತ್ತು. ಫೆಬ್ರವರಿ 28ನ್ನು ನಾವು ವಿಜ್ಞಾನ ದಿನ ಎಂದು ಆಚರಿಸುತ್ತೇವೆ. ಅದಾದ ಹದಿನೇಳೇ ದಿನಕ್ಕೆ, ಮಾರ್ಚ್ 16ರಂದು, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಎದುರು ರಾಮನ್ ಇದರ ಬಗ್ಗೆ ಉಪನ್ಯಾಸ ಕೊಟ್ಟರು. ಮುಂದೆ 1933ರಲ್ಲಿ ಅವರು ಇದೇ ಊರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಇಲ್ಲಿಯೇ ನೆಲೆಸಿದರು.

ಈಗ ಈ ಕತೆಯನ್ನು ತಿರುಗಿಸಿ ನೋಡಿ. ರಾಮನ್ ಗುಂಪಿಗೆ ತೊಂದರೆ ಕೊಟ್ಟದ್ದು ಪ್ರತಿದೀಪ್ತಿ ಎಂಬ ಅನುಮಾನ. ನಿಜವಾಗಿ ಹುಡುಕಬೇಕಿದ್ದ ನೀರಿನ ಬೆಳಕನ್ನು ಅದು ಐದು ವರ್ಷ ಮರೆಮಾಡಿತು. ಚಿಪ್ ಕಟ್ಟುವವರಿಗೆ ಬೇಕಿರುವುದು ಪ್ರತಿದೀಪ್ತಿ, ಅಡ್ಡ ಬರುವುದು ರಾಮನ್ ಬೆಳಕು. ಗಾಜನ್ನು ಎಷ್ಟು ಶುದ್ಧ ಮಾಡಿದರೂ, ದ್ರಾವಣವನ್ನು ಎಷ್ಟು ಸಲ ಸೋಸಿದರೂ ನೀರು ಇರುವವರೆಗೆ ಅದು ಇರುತ್ತದೆ. 488 ನ್ಯಾನೋಮೀಟರಿನ ನೀಲಿ ಲೇಸರ್ ಹಾಕಿದರೆ ನೀರು ಸುಮಾರು 585 ನ್ಯಾನೋಮೀಟರಿನಲ್ಲಿ ಹಳದಿಯಾಗಿ ಮಿನುಗುತ್ತದೆ. ಅದನ್ನು ಫಿಲ್ಟರಿನಿಂದ ತಡೆಯಬಹುದು ಎನ್ನಿ. ಆದರೆ 530ರ ಆಸುಪಾಸಿನಲ್ಲಿ ಇನ್ನೊಂದು, ಕ್ಷೀಣವಾದದ್ದು, ಇದೆ. ಫ್ಲೋರೆಸೀನ್ ಹಸಿರಾಗಿ ಹೊಳೆಯುವುದೂ ಸರಿಸುಮಾರು ಅಲ್ಲೇ. ಅದನ್ನು ತಡೆದರೆ ನಮ್ಮ ಅಣುವಿನ ಬೆಳಕನ್ನೂ ತಡೆದಂತೆ.

ಹಾಗಾದರೆ ಲೇಸರಿನ ಬಲ ಹೆಚ್ಚಿಸೋಣ ಎನ್ನಿಸುವುದು ಸಹಜ. ಬಲ ಹೆಚ್ಚಿಸಿದರೆ ಬಣ್ಣದ ಅಣು ಒಂದು ಮಟ್ಟದವರೆಗೆ ಹೆಚ್ಚು ಹೊಳೆಯುತ್ತದೆ, ಆಮೇಲೆ ಅದಕ್ಕೆ ಉಸಿರಾಡಲು ಬಿಡುವಿಲ್ಲದಂತಾಗಿ ಹೊಳಪು ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಹೆಚ್ಚಿಸಿದರೆ ಅಣು ಒಡೆದು ಮಾಸಿಹೋಗುತ್ತದೆ. ನೀರಿನ ರಾಮನ್ ಬೆಳಕಿಗೆ ಅಂಥ ಮಿತಿ ಇಲ್ಲ. ಲೇಸರ್ ಎಷ್ಟು ಹೆಚ್ಚಾದರೆ ಅಷ್ಟು ಹೆಚ್ಚು. ಆರ್ಕೆಸ್ಟ್ರಾದಲ್ಲಿ ಹಾಡುವವನ ದನಿ ಕೇಳುತ್ತಿಲ್ಲವೆಂದು ಇಡೀ ಮೈಕ್ ಸೆಟ್ಟಿನ ಧ್ವನಿ ಏರಿಸಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಅರ್ಥಮಾಡಿಕೊಂಡವರಲ್ಲಿ ಥಾಮಸ್ ಹರ್ಷ್‌ಫೆಲ್ಡ್ ಒಬ್ಬರು. 1976ರಲ್ಲಿ ಅವರು ಎಂಬತ್ತರಿಂದ ನೂರು ಫ್ಲೋರೆಸೀನ್ ಕಟ್ಟಿದ ಒಂದೇ ಒಂದು ಪ್ರತಿಕಾಯದ ಅಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅವರ ಉಪಾಯ ನೋಡುವ ಜಾಗವನ್ನು ಕಿರಿದು ಮಾಡುವುದು. ಒಂದು ಪಿಕೊಲೀಟರ್ ನೀರಿನಲ್ಲಿ ಸುಮಾರು 33 ಲಕ್ಷ ಕೋಟಿ ನೀರಿನ ಅಣುಗಳಿವೆ. ಒಂದೊಂದರ ರಾಮನ್ ಬೆಳಕು ಲೆಕ್ಕಕ್ಕಿಲ್ಲದಷ್ಟು ಕ್ಷೀಣ, ಆದರೆ ಅಷ್ಟೂ ಸೇರಿ ಒಂಟಿ ಬಣ್ಣದ ಅಣುವನ್ನು ಮುಳುಗಿಸುತ್ತವೆ. ಅದೇ ನೋಟವನ್ನು ಒಂದು ಫೆಮ್ಟೋಲೀಟರಿಗೆ, ಅಂದರೆ ಸಾವಿರ ಪಾಲು ಕಡಿಮೆಗೆ, ಇಳಿಸಿದರೆ ನೀರಿನ ಗದ್ದಲ ಸಾವಿರ ಪಾಲು ಇಳಿಯುತ್ತದೆ. ಆ ಅಣು ಅದರೊಳಗೆ ಇರುವಾಗ ಅದರ ಹೊಳಪು ಮಾತ್ರ ಇಳಿಯುವುದಿಲ್ಲ. ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ ಕನ್ಫೋಕಲ್ ಸೂಕ್ಷ್ಮದರ್ಶಕ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪತ್ತೆಯಂತ್ರದ ಮುಂದೆ ಸೂಜಿಮೊನೆಯಷ್ಟು ಸಣ್ಣ ತೂತು ಇಟ್ಟರೆ ಲೇಸರಿನ ನಾಭಿಯಿಂದ ಬಂದ ಬೆಳಕಿಗೆ ಮಾತ್ರ ಪ್ರವೇಶ. ಮೇಲಿನ ಗಾಜು, ಕೆಳಗಿನ ಗಾಜು, ಆಚೀಚಿನ ನೀರು ಎಲ್ಲದರ ಬೆಳಕೂ ಹೊರಗೇ ಉಳಿಯುತ್ತದೆ.

ನಾರ್ಮನ್ ಡೊವಿಚಿ ಇನ್ನೊಂದು ದಾರಿ ಹಿಡಿದರು. ಅವರಿಗೆ ಕಾಟ ಕೊಟ್ಟದ್ದು ಕೊಳವೆಯ ಗಾಜಿನ ಗೋಡೆ. ದುಂಡು ಗೋಡೆ ಲೇಸರನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಹಾಗಾದರೆ ನೋಡುವ ಜಾಗದಲ್ಲಿ ಗೋಡೆಯೇ ಬೇಡ ಎಂದರು. ಕೊಳವೆಯ ತುದಿಯಿಂದ ಹೊರಬರುವ ದ್ರವದ ಸುತ್ತ ಅದೇ ಬಗೆಯ ಇನ್ನೊಂದು ದ್ರವವನ್ನು ಹರಿಸಿದರೆ ನೀರೇ ನೀರಿಗೆ ಕೊಳವೆಯಾಗುತ್ತದೆ. 1988ರಲ್ಲಿ ಅವರೂ ಚೆಂಗ್ ಅವರೂ ಆಲ್ಬರ್ಟಾದಿಂದಲೇ ಸೈನ್ಸ್ ಪತ್ರಿಕೆಯಲ್ಲಿ ಅಮೈನೋ ಆಮ್ಲಗಳನ್ನು ಆಟೊಮೋಲಿಗೂ ಕೆಳಗೆ ಪತ್ತೆಹಚ್ಚಿದ್ದನ್ನು ಪ್ರಕಟಿಸಿದರು. ಜಪಾನಿನ ಹಿಟಾಚಿ ಕಂಪನಿಯ ಹಿಡೆಕಿ ಕಂಬಾರಾ ಇದೇ ತತ್ವವನ್ನು ಸಾಲುಸಾಲು ಕೊಳವೆಗಳಿಗೆ 1993ರಲ್ಲಿ ಅಳವಡಿಸಿದರು. ಮಾನವ ಜೀನೋಮ್ ಯೋಜನೆಯನ್ನು ಓಡಿಸಿದ 96 ಕೊಳವೆಗಳ ಯಂತ್ರ ಕೆಲಸ ಮಾಡಿದ್ದು ಈ ಉಪಾಯದ ಮೇಲೆ. 2001ರಲ್ಲಿ ಜೀನೋಮಿನ ಸಂಭ್ರಮ ನಡೆದಾಗ ಸೈನ್ಸ್ ಪತ್ರಿಕೆ ಈ ಇಬ್ಬರನ್ನು ಯಾರೂ ಹಾಡದ ವೀರರೆಂದು ಗುರುತಿಸಿತು. ಜೀನೋಮಿನ ಕತೆ ಹೇಳುವ ಎಷ್ಟು ಪುಸ್ತಕಗಳಲ್ಲಿ ಇವರ ಹೆಸರು ಸಿಗುತ್ತದೆ ಎಂದು ಹುಡುಕಿ ನೋಡಿ, ಆ ವಿಶೇಷಣ ಇನ್ನೂ ಹಳತಾಗಿಲ್ಲ ಎಂದು ತಿಳಿಯುತ್ತದೆ.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಲಾಸ್ ಅಲಮೋಸ್ ಪ್ರಯೋಗಾಲಯದ ರಿಚರ್ಡ್ ಕೆಲ್ಲರ್ ಅವರ ಗುಂಪು 1990ರಲ್ಲಿ ಹರಿಯುವ ನೀರಿನಲ್ಲಿ ರೋಡಮಿನ್ 6ಜಿ ಬಣ್ಣದ ಒಂಟಿ ಅಣುಗಳನ್ನು ಪತ್ತೆಹಚ್ಚಿತು. ರಾಮನ್ ಬೆಳಕು ಲೇಸರ್ ಬಿದ್ದ ಕ್ಷಣವೇ ಹೊರಡುತ್ತದೆ. ಪ್ರತಿದೀಪ್ತಿ ಮಾತ್ರ ಕೆಲವು ನ್ಯಾನೋಸೆಕೆಂಡ್ ತಡಮಾಡಿ ಬರುತ್ತದೆ. ಆದ್ದರಿಂದ ಲೇಸರನ್ನು ಮಿಡಿತಗಳಾಗಿ ಕೊಟ್ಟು, ಪ್ರತಿ ಮಿಡಿತದ ನಂತರ ಒಂದು ಗಳಿಗೆ ಕಣ್ಣುಮುಚ್ಚಿ ಆಮೇಲೆ ತೆರೆದರೆ ನೀರಿನ ಬೆಳಕು ಆಗಲೇ ಹೋಗಿರುತ್ತದೆ. ಕಲ್ಕತ್ತದಲ್ಲಿ ಧ್ರುವೀಕರಣ ನೋಡಿ ಬೇರ್ಪಡಿಸಿದ ಎರಡು ಬೆಳಕುಗಳನ್ನು ಇವರು ಗಡಿಯಾರ ನೋಡಿ ಬೇರ್ಪಡಿಸಿದರು. ಅಲ್ಲಿಗೂ ಇಲ್ಲಿಗೂ ನಡುವೆ 62 ವರ್ಷ.

ಚಿಪ್ಪಿಗೆ ಡೊವಿಚಿಯವರ ಉಪಾಯ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ, ಅಲ್ಲಿ ಕಾಲುವೆಗೆ ಗೋಡೆ ಇದ್ದೇ ಇರುತ್ತದೆ. ಹಾಗಾಗಿ ಕನ್ಫೋಕಲ್ ದಾರಿ ಗೆದ್ದಿತು. 1998ರ ಹೊತ್ತಿಗೆ ಹ್ಯಾರಿಸನ್ ಅವರ ಪ್ರಯೋಗಾಲಯ ಚಿಪ್ಪಿನಲ್ಲಿ ಫ್ಲೋರೆಸೀನನ್ನು ಒಂದು ಪಿಕೊಮೋಲಾರಿಗೂ ಕೆಳಗಿನ ಸಾಂದ್ರತೆಯಲ್ಲಿ ಕಂಡಿತ್ತು. ಪಿಕೊಮೋಲಾರ್ ಎಂದರೆ ಎಷ್ಟು? ಕನ್ನಂಬಾಡಿ ಕಟ್ಟೆ ತುಂಬಿದಾಗ ಸುಮಾರು 49 ಟಿಎಂಸಿ ನೀರು. ಆ ಇಡೀ ನೀರಿಗೆ ಅರ್ಧ ಕಿಲೋಗೂ ಸ್ವಲ್ಪ ಕಡಿಮೆ ಫ್ಲೋರೆಸೀನ್ ಕರಗಿಸಿದರೆ ಒಂದು ಪಿಕೊಮೋಲಾರ್ ಆಗುತ್ತದೆ. ಅದೇ ವರ್ಷ ರಾಮ್ಸಿಯವರ ಗುಂಪು ಚಿಪ್ಪಿನ ಕಾಲುವೆಯಲ್ಲಿ ಎರಡು ಬಗೆಯ ರೋಡಮಿನ್ ಅಣುಗಳನ್ನು ಬೇರ್ಪಡಿಸಿ ಒಂದೊಂದನ್ನಾಗಿ ಎಣಿಸಿತು. ಮರುವರ್ಷ ಬರ್ಕ್ಲಿಯಲ್ಲಿ ಹಾಬ್ ಮತ್ತು ರಿಚರ್ಡ್ ಮ್ಯಾಥೀಸ್ ಡಿಎನ್ಎ ತುಣುಕುಗಳಿಗೆ ಅದನ್ನೇ ಮಾಡಿದರು. ಅವರು ಗಮನಿಸಿದ ತೊಡಕು ಸ್ವಾರಸ್ಯದ್ದು. ಲೇಸರಿನ ನಾಭಿ ಒಂದು ಮೈಕ್ರಾನ್ ಅಗಲ, ಕಾಲುವೆ ಹತ್ತಾರು ಮೈಕ್ರಾನ್ ಅಗಲ. ನೀರಿನ ಗದ್ದಲ ತಪ್ಪಿಸಲು ನೋಟವನ್ನು ಕಿರಿದು ಮಾಡಿದರೆ ಬಹುಪಾಲು ಅಣುಗಳು ಪಕ್ಕದಲ್ಲೇ ನುಸುಳಿಹೋಗುತ್ತವೆ. ಊರಿಗೆಲ್ಲ ಒಂದೇ ಕಿಟಕಿಯಿಂದ ಕಾವಲು ಕಾದಂತೆ. ಹಾಗಾಗಿ ಅವರು ಅಣುಗಳ ಧಾರೆಯನ್ನೇ ಕಿರಿದಾಗಿ ಕೂಡಿಸಿ ಲೇಸರಿನ ಕಡೆಗೆ ತಂದರು.

ಒಂದೇ ಅಣು ಕಂಡಮೇಲೆ ಇನ್ನು ಕಾಣಲು ಏನು ಉಳಿಯಿತು? ಬೆಳಕಿನ ದೃಷ್ಟಿಯಿಂದ ಹೆಚ್ಚೇನೂ ಉಳಿಯಲಿಲ್ಲ. ಅಂಕಗಣಿತ ಮಾತ್ರ ಹಾಗೆ ಬಿಡಲಿಲ್ಲ. ಚಿಪ್ಪಿಗೆ ಒಂದು ಸಲಕ್ಕೆ ಬಿಡುವ ಮಾದರಿ ಸುಮಾರು 100 ಪಿಕೊಲೀಟರ್ ಎನ್ನೋಣ. ಸಾಂದ್ರತೆ ಒಂದು ನ್ಯಾನೋಮೋಲಾರ್ ಆದರೆ ಅದರಲ್ಲಿ 60,000 ಅಣುಗಳು. ಒಂದು ಪಿಕೊಮೋಲಾರ್ ಆದರೆ 60. ಇನ್ನೂ ಕೆಳಗೆ, 100 ಆಟೊಮೋಲಾರಿಗೆ ಇಳಿದರೆ 0.006. ಅಂದರೆ ಸುಮಾರು 166 ಸಲ ಮಾದರಿ ಬಿಟ್ಟರೆ ಒಮ್ಮೆ ಒಂದು ಅಣು ಸಿಕ್ಕೀತು. ಇಲ್ಲದ ಅಣುವನ್ನು ಯಾವ ಲೇಸರೂ ತೋರಿಸಲಾರದು. ಕಣ್ಣು ಚುರುಕಾದಷ್ಟೂ ಸಮಸ್ಯೆ ಕಣ್ಣಿನಿಂದ ಜಾರಿ ನೀರಿನ ಅಳತೆಗೆ ಹೋಗಿ ನಿಂತಿತು.

ಹನಿಹನಿ ಕೂಡಿಸಿ ಹಳ್ಳ ಮಾಡುವ ಕೆಲಸ ಇಲ್ಲಿಂದ ಶುರು. ದೊಡ್ಡ ಪ್ರಮಾಣದ ಮಾದರಿಯಿಂದ ಅಣುಗಳನ್ನು ಎಳೆದು ಒಂದು ತೆಳು ಪಟ್ಟಿಯಲ್ಲಿ ಒತ್ತಬೇಕು. ಒಂದು ವಿಧಾನ ಹೆದ್ದಾರಿಯ ಟೋಲ್ ಗೇಟಿನಂಥದು. ಮಾದರಿಯನ್ನು ಉಪ್ಪು ಕಡಿಮೆ ಇರುವ ನೀರಿನಲ್ಲಿ ಇಟ್ಟರೆ ಅಲ್ಲಿ ವಿದ್ಯುತ್ ಕ್ಷೇತ್ರ ಪ್ರಬಲವಾಗಿದ್ದು ಅಣುಗಳು ರಭಸದಿಂದ ಓಡುತ್ತವೆ. ಉಪ್ಪು ಹೆಚ್ಚಿರುವ ಗಡಿ ತಲುಪಿದ ಕೂಡಲೇ ನಿಧಾನವಾಗಿ ಒಂದರ ಹಿಂದೊಂದು ಗುಂಪುಗೂಡುತ್ತವೆ. ಇನ್ನೊಂದು ಐಸೋಟ್ಯಾಕೋಫೊರೆಸಿಸ್, ಅದರ ಗಣಿತದ ಬೇರು 1897ರ ಕೋಲ್ರೌಷ್ ಅವರ ಕೆಲಸದಲ್ಲಿದೆ. ಕುರಿಮಂದೆ ಹೊರಟಾಗ ಮುಂದೆ ಕುರುಬ, ಹಿಂದೆ ನಾಯಿ ಇರುತ್ತದಲ್ಲ, ಹಾಗೆ. ಮುಂದೆ ಚುರುಕಾದ ಅಯಾನುಗಳು, ಹಿಂದೆ ಮಂದಗತಿಯ ಅಯಾನುಗಳು, ನಡುವೆ ನಮ್ಮ ಮಾದರಿ. ಹಿಂದುಳಿದ ಅಣು ಪ್ರಬಲ ಕ್ಷೇತ್ರಕ್ಕೆ ಸಿಕ್ಕಿ ಮುಂದಕ್ಕೆ ತಳ್ಳಲ್ಪಡುತ್ತದೆ, ಮುನ್ನುಗ್ಗಿದ ಅಣು ದುರ್ಬಲ ಕ್ಷೇತ್ರದಲ್ಲಿ ನಿಧಾನವಾಗಿ ಗುಂಪಿಗೆ ಮರಳುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಹ್ವಾನ್ ಸಾಂಟಿಯಾಗೊ ಅವರ ಗುಂಪು 2006ರಲ್ಲಿ ಈ ರೀತಿಯಿಂದ ಚಿಪ್ಪಿನಲ್ಲೇ ಸಾಂದ್ರತೆಯನ್ನು ಹತ್ತು ಲಕ್ಷ ಪಾಲಿಗೂ ಮೀರಿ ಏರಿಸಿತು. 2007ರಲ್ಲಿ ಅದೇ ಗುಂಪು 100 ಆಟೊಮೋಲಾರ್ ಬಣ್ಣವನ್ನು ಪತ್ತೆಹಚ್ಚಿತು. ಕನ್ನಂಬಾಡಿಯ ಲೆಕ್ಕದಲ್ಲಿ ಹೇಳುವುದಾದರೆ ತುಂಬಿದ ಕಟ್ಟೆಗೆ ಸುಮಾರು 46 ಮಿಲಿಗ್ರಾಂ. ಅಡುಗೆಮನೆಯ ಒಂದು ಚಿಟಿಕೆ ಉಪ್ಪು ಇದಕ್ಕಿಂತ ಹೆಚ್ಚು ತೂಗುತ್ತದೆ.

ದಾಖಲೆ ಅದ್ಭುತವಾದದ್ದೇ. ಆದರೆ ಇಂಥ ದಾಖಲೆಗಳನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಇವುಗಳಲ್ಲಿ ಹೆಚ್ಚಿನವು ಬಣ್ಣದ ದಾಖಲೆಗಳು. ಶುದ್ಧ ನೀರಿನಲ್ಲಿ ಶುದ್ಧ ಬಣ್ಣ ಹಾಕಿ ಎಷ್ಟು ಕಡಿಮೆ ಕಾಣುತ್ತದೆ ಎಂದು ನೋಡಿದ್ದು. ರೋಗಿಯ ರಕ್ತದ ಹನಿಯಲ್ಲಿ ಇರುವ ಪ್ರೋಟೀನು ತಾನಾಗಿ ಬಣ್ಣ ಹಚ್ಚಿಕೊಂಡು ಬರುವುದಿಲ್ಲ, ನಾವೇ ಕಟ್ಟಬೇಕು. ಬಣ್ಣವೂ ಪ್ರೋಟೀನೂ ಒಂದನ್ನೊಂದು ಸಂಧಿಸಿದರೆ ತಾನೇ ಗಂಟು ಬೀಳುವುದು? ಪ್ರೋಟೀನು ಪಿಕೊಮೋಲಾರ್ ಮಟ್ಟದಲ್ಲಿ ಇದ್ದರೆ ಅವು ಎದುರಾಗುವುದೇ ಅಪರೂಪ. ಬೇಗ ಆಗಲೆಂದು ಬಣ್ಣ ಹೆಚ್ಚು ಸುರಿದರೆ ಗಂಟುಬೀಳದೆ ಉಳಿದ ಬಣ್ಣವೇ ಕಾಲುವೆ ತುಂಬ ಹೊಳೆಯುತ್ತದೆ. ಪತ್ತೆಯಂತ್ರ ಫೆಮ್ಟೋಮೋಲಾರ್ ಕಾಣಬಲ್ಲದು, ಬಣ್ಣ ಕಟ್ಟುವ ರಸಾಯನಕ್ರಿಯೆ ಅದಕ್ಕಿಂತ ಎಷ್ಟೋ ಮೇಲೆ ಕೈಚೆಲ್ಲುತ್ತದೆ. ಪ್ರಬಂಧದ ಸಾರಾಂಶದಲ್ಲಿ ಬರುವ ಸಂಖ್ಯೆಗೂ ಆಸ್ಪತ್ರೆಗೆ ಉಪಯೋಗವಾಗುವ ಸಂಖ್ಯೆಗೂ ನಡುವೆ ಇರುವ ಈ ಅಂತರದ ಬಗ್ಗೆ ನಮ್ಮ ಕ್ಷೇತ್ರ ಮಾತಾಡುವುದು ಕಡಿಮೆ. ಇನ್ನೊಂದು ಹಳೆಯ ಕುಹಕವೂ ಇದೆ: ಚಿಪ್ಪಿನ ಮೇಲೆ ಪ್ರಯೋಗಾಲಯ ಮಾಡಲು ಹೊರಟವರು ಪ್ರಯೋಗಾಲಯದ ನಡುವೆ ಒಂದು ಚಿಪ್ ಇಟ್ಟಿದ್ದಾರೆ ಎಂದು. ಬೆರಳುಗುರು ಗಾತ್ರದ ಗಾಜು, ಅದರ ಸುತ್ತ ಮೇಜು ತುಂಬ ಲೇಸರ್, ಕನ್ನಡಿ, ಮಸೂರಗಳು. ಪ್ಲಾಸ್ಟಿಕ್ಕಿನಿಂದ ಅಗ್ಗದ ಚಿಪ್ ಮಾಡೋಣವೆಂದರೆ ಪ್ಲಾಸ್ಟಿಕ್ಕು ಗಾಜಿಗಿಂತ ಹೆಚ್ಚು ತಾನೇ ಹೊಳೆಯುತ್ತದೆ.

ಈ ಎರಡೂ ತೊಡಕುಗಳನ್ನು ಗಂಭೀರವಾಗಿ ಎದುರಿಸಿದ ಕೆಲವು ಪ್ರಯತ್ನಗಳಿವೆ. 1999ರಲ್ಲಿ ಕ್ಯಾಲಿಪರ್ ಮತ್ತು ಅಜಿಲೆಂಟ್ ಕಂಪನಿಗಳು ಮಾರುಕಟ್ಟೆಗೆ ತಂದ ಬಯೋಅನಲೈಸರ್ ಮೇಜಿನ ಮೂಲೆಯಲ್ಲಿ ಕೂರುವಷ್ಟು ಚಿಕ್ಕದು, ಆರ್‌ಎನ್‌ಎ ಕೆಟ್ಟಿದೆಯೇ ಚೆನ್ನಾಗಿದೆಯೇ ಎಂದು ನೋಡಲು ಜೀವವಿಜ್ಞಾನದ ಅನೇಕ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಅದು ದಾಖಲೆ ಮುರಿಯಲು ಹೋಗಲಿಲ್ಲ, ಸಾಕಾಗುವಷ್ಟು ಕಂಡಿತು. ಕೆಂಪು ಲೇಸರ್ ಬಳಕೆಗೆ ಬಂದದ್ದೂ ಇದೇ ಕಾಲದಲ್ಲಿ. 635 ನ್ಯಾನೋಮೀಟರಿನ ಸಣ್ಣ ಡಯೋಡ್ ಲೇಸರ್ ಹಾಕಿದರೆ ನೀರಿನ ಮುಖ್ಯ ರಾಮನ್ ಬೆಳಕು 810ರ ಹತ್ತಿರ ಹೋಗಿ ಬೀಳುತ್ತದೆ, ಸೈ 5 ಎಂಬ ಬಣ್ಣ 670ರ ಸುತ್ತ ಹೊಳೆಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಬೆಲೆಯೂ ಕಡಿಮೆ.

ಮ್ಯಾಥೀಸ್ ಅವರ ಗುಂಪು ಮಂಗಳಗ್ರಹಕ್ಕೇ ಕಳಿಸಲೆಂದು ಒಂದು ಚಿಪ್ ಯಂತ್ರ ಕಟ್ಟಿತು. ಮಣ್ಣಿನಲ್ಲಿ ಅಮೈನೋ ಆಮ್ಲಗಳಿವೆಯೇ, ಇದ್ದರೆ ಎಡಗೈಯವೋ ಬಲಗೈಯವೋ ಎಂದು ನೋಡುವುದು ಅದರ ಕೆಲಸ. ಬಣ್ಣವಾಗಿ ಅವರು ಆರಿಸಿಕೊಂಡದ್ದು ಫ್ಲೋರೆಸ್ಕಮಿನ್. ಅದು ಅಮೈನೋ ಆಮ್ಲಕ್ಕೆ ಗಂಟುಬೀಳುವವರೆಗೆ ಹೊಳೆಯುವುದೇ ಇಲ್ಲ, ಆದ್ದರಿಂದ ಮಿಕ್ಕ ಬಣ್ಣದ ಕಾಟವಿಲ್ಲ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಅದನ್ನು ಪರೀಕ್ಷಿಸಿದರು. ಯುರೋಪಿನ ಎಕ್ಸೋಮಾರ್ಸ್ ಯಾತ್ರೆಗೆ ಆಯ್ಕೆಯಾಗಿದ್ದ ಯೂರಿ ಎಂಬ ಉಪಕರಣದಲ್ಲಿ ಇದು ಸೇರಿತ್ತು, ಆದರೆ ನಂತರ ಯಾತ್ರೆಯಿಂದ ಅದನ್ನು ಕೈಬಿಟ್ಟರು.

ಬಣ್ಣವೇ ಬೇಡ ಎಂದವರೂ ಇದ್ದಾರೆ. ಪ್ರೋಟೀನುಗಳಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಹುಟ್ಟಾ ಹೊಳೆಯುವಂಥದು. ಆದರೆ ಅದನ್ನು ಕೆರಳಿಸಲು ಕಣ್ಣಿಗೆ ಕಾಣದ ಆಳವಾದ ನೇರಳಾತೀತ ಬೆಳಕು ಬೇಕು. ಮಾಮೂಲಿ ಗಾಜು ಅದನ್ನು ನುಂಗಿಬಿಡುತ್ತದೆ, ಆದ್ದರಿಂದ ಶುದ್ಧ ಸಿಲಿಕಾದ ದುಬಾರಿ ಚಿಪ್ಪೇ ಆಗಬೇಕು. ಜರ್ಮನಿಯಲ್ಲಿ ಡೆಟ್ಲೆಫ್ ಬೆಲ್ಡರ್ ಮತ್ತು ಸಂಗಡಿಗರು 2005ರಲ್ಲಿ 266 ನ್ಯಾನೋಮೀಟರಿನ ಲೇಸರ್ ಹಾಕಿ, ಯಾವ ಬಣ್ಣವನ್ನೂ ಕಟ್ಟದೆ, ಚಿಪ್ಪಿನಲ್ಲಿ ಪ್ರೋಟೀನುಗಳನ್ನೂ ಔಷಧಗಳನ್ನೂ ಕಂಡರು. ಬಣ್ಣ ಕಟ್ಟಿದಾಗ ಸಿಗುವ ಸೂಕ್ಷ್ಮತೆ ಇಲ್ಲಿ ಸಿಗುವುದಿಲ್ಲ. ಆದರೆ ಅಣು ಹೇಗಿದೆಯೋ ಹಾಗೆಯೇ ಬಂದು ಹೊಳೆಯುತ್ತದೆ. ಆ ಲೇಸರಿಗೆ ನೀರಿನ ಮುಖ್ಯ ರಾಮನ್ ಬೆಳಕು ಬೀಳುವುದು ಸುಮಾರು 292 ನ್ಯಾನೋಮೀಟರಿನಲ್ಲಿ. ಟ್ರಿಪ್ಟೊಫಾನ್ ಹೊಳೆಯುವುದು 350ರ ಆಸುಪಾಸಿನಲ್ಲಿ. ನಡುವೆ ಒಂದು ಫಿಲ್ಟರ್ ಇಡಲು ಬೇಕಾದಷ್ಟು ಜಾಗವಿದೆ.